ದೆಹಲಿಯ ನೆಲದಲ್ಲೇ ಇತಿಹಾಸ, ಭೂಗೋಳದ ಓನಾಮ

2023ರ ಜುಲೈ ಎರಡನೇ ವಾರ. ದೆಹಲಿಯಲ್ಲಿ ಮಳೆ ಬಿಡುವು ಕೊಟ್ಟಿತ್ತು, ಯಮುನೆ ಮಾತ್ರ ಏರುತ್ತಲೇ ಇದ್ದಳು. ಮೇಲೆ ಹಿಮಾಚಲದ ಬೆಟ್ಟಗಳಲ್ಲಿ ಸುರಿದ ನೀರು ಹರಿಯಾಣದ ಹತಿನಿಕುಂಡ್ ಬ್ಯಾರೇಜ್ ದಾಟಿ ಮೂರೂವರೆ ಲಕ್ಷ ಕ್ಯುಸೆಕ್ ಮೀರಿ ಕೆಳಗಿಳಿಯಿತು. ಜುಲೈ 13ರಂದು ಹಳೆಯ ಕಬ್ಬಿಣದ ಸೇತುವೆಯ ಬಳಿ ನೀರಿನ ಮಟ್ಟ 208.66 ಮೀಟರ್ ಮುಟ್ಟಿತು. 1978ರ 207.49 ಮೀಟರಿನ ದಾಖಲೆ ಮುರಿಯಿತು. ವಾಹನ ಓಡುತ್ತಿದ್ದ ರಿಂಗ್ ರೋಡಿನಲ್ಲಿ ದೋಣಿಗಳು ಬಂದವು. ನೀರು ಕೆಂಪು ಕೋಟೆಯ ಹಿಂಬದಿಯ ಗೋಡೆಗೆ ತಾಗಿ ನಿಂತಿತು.

ನದಿ ಕೋಟೆಗೆ ನುಗ್ಗಿತೆಂದು ಸುದ್ದಿವಾಹಿನಿಗಳು ಕೂಗಿದವು. ಆದರೆ ಕೋಟೆಯ ಹಳೆಯ ವರ್ಣಚಿತ್ರಗಳನ್ನು ಕಂಡವರಿಗೆ ಆ ದೃಶ್ಯ ಹೊಸದಾಗಿರಲಿಲ್ಲ. ಷಹಜಹಾನ್ 1639ರಲ್ಲಿ ಶುರುಮಾಡಿ 1648ರಲ್ಲಿ ಮುಗಿಸಿದ ಈ ಕೋಟೆಯ ಪೂರ್ವದ ಗೋಡೆಯ ಪಕ್ಕದಲ್ಲೇ ಆಗ ಯಮುನೆ ಹರಿಯುತ್ತಿದ್ದಳು. ಪಕ್ಕದ ಸಲೀಂಗಢ 1546ರಲ್ಲಿ ಎದ್ದದ್ದು ನದಿಯ ನಡುಗಡ್ಡೆಯ ಮೇಲೆ. ಆಮೇಲೆ ನದಿ ಪೂರ್ವಕ್ಕೆ ಸರಿಯಿತು, ಬಿಟ್ಟುಹೋದ ಜಾಗದಲ್ಲಿ ಜನ ರಸ್ತೆ ಮಾಡಿಕೊಂಡರು.

ಕೋಟೆ ಕಟ್ಟಿದ ಇಸವಿ ಇತಿಹಾಸದ ಪುಸ್ತಕದಲ್ಲಿದೆ, ನದಿಯ ಪಾತ್ರದ ವಿವರ ಭೂಗೋಳದ ಪುಸ್ತಕದಲ್ಲಿದೆ. ಎರಡನ್ನೂ ಒಟ್ಟಿಗೆ ತೆರೆಯದಿದ್ದರೆ ಆ ಗುರುವಾರ ದೆಹಲಿಯಲ್ಲಿ ನಡೆದದ್ದೇನೆಂದು ಅರ್ಥವಾಗುವುದಿಲ್ಲ. ಶಾಲೆಯಲ್ಲಿ ನಮಗೆ ಇವೆರಡನ್ನು ಬೇರೆ ಬೇರೆ ಪೀರಿಯಡ್‌ಗಳಲ್ಲಿ ಕಲಿಸಿದರು. ಕಲಿಯಲು ಹೊರಟವರು ಮೊದಲು ಮಾಡಬೇಕಾದ ಕೆಲಸ ಆ ಗೋಡೆ ಒಡೆಯುವುದು ಎಂದು ನನಗೆ ಬಲವಾಗಿ ಅನಿಸುತ್ತದೆ. ಅದಕ್ಕೆ ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಗುಡ್ಡಕ್ಕೂ ಹೊಳೆಗೂ ನಡುವೆ

ರಾಜಸ್ಥಾನದಿಂದ ಬರುವ ಅರಾವಳಿ ಬೆಟ್ಟಸಾಲು ಗುರುಗ್ರಾಮ, ಫರೀದಾಬಾದ್ ದಾಟಿ ದೆಹಲಿಯೊಳಗೆ ಬಂದು ತಗ್ಗುತ್ತ ತಗ್ಗುತ್ತ ದೆಹಲಿ ವಿಶ್ವವಿದ್ಯಾಲಯದ ಆಚೆ ನೆಲಸೇರುತ್ತದೆ. ಇಲ್ಲಿನವರು ಅದನ್ನು ರಿಡ್ಜ್ ಎನ್ನುತ್ತಾರೆ. ನೂರು ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಕಲ್ಲು ಅದು. ಪಶ್ಚಿಮಕ್ಕೆ, ದಕ್ಷಿಣಕ್ಕೆ ಈ ಕಲ್ಲು, ಪೂರ್ವಕ್ಕೆ ಯಮುನೆ. ನಡುವೆ ತ್ರಿಕೋನಾಕಾರದ ನೆಲ. ದೆಹಲಿಯ ಹಳೆಯ ರಾಜಧಾನಿಗಳೆಲ್ಲ ಬಹುಮಟ್ಟಿಗೆ ಈ ತ್ರಿಕೋನದೊಳಗೇ ಹುಟ್ಟಿದವು, ಇದರೊಳಗೇ ಅಳಿದವು.

ನದಿ ಬದಿಯ ನೆಲಕ್ಕೂ ಇಲ್ಲಿ ಎರಡು ಹೆಸರಿವೆ. ಪ್ರವಾಹ ಬಂದಾಗ ಮುಳುಗುವ, ಹೊಸ ಮೆಕ್ಕಲು ಬೀಳುವ ತಗ್ಗು ಖಾದರ್. ನೀರು ಮುಟ್ಟದ ಹಳೆಯ ಮೆಕ್ಕಲಿನ ಎತ್ತರದ ನೆಲ ಬಾಂಗರ್. ಮದನಪುರ ಖಾದರ್ ಎಂಬ ಊರು ಇಂದಿಗೂ ಆ ಹೆಸರನ್ನು ಹೊತ್ತಿದೆ. ರೈತರು ಇಟ್ಟ ಈ ಹೆಸರುಗಳನ್ನು ಅರ್ಥಮಾಡಿಕೊಂಡರೆ ಮಳೆಗಾಲದಲ್ಲಿ ಯಾವ ಬಡಾವಣೆ ಮುಳುಗೀತೆಂದು ಊಹಿಸಬಹುದು.

ಈಗ ಭೂಪಟದ ಮೇಲೆ ದೆಹಲಿಯ ಹಳೆಯ ನಗರಗಳನ್ನು ಕಾಲಕ್ರಮದಲ್ಲಿ ಗುರುತಿಸಿ ನೋಡಿ. ತೋಮರರ ಲಾಲ್ ಕೋಟ್ ಮೆಹ್ರೌಲಿಯ ಕಲ್ಲುನೆಲದ ಮೇಲಿದೆ. ತುಘಲಕಾಬಾದ್ ಕೂಡ ಬಂಡೆಗಳ ಮೇಲೆಯೇ. ಫಿರೋಜ್ ಷಾನ ಕೋಟ್ಲಾ, ಹುಮಾಯೂನ್ ಮತ್ತು ಶೇರ್ ಷಾನ ಕಾಲದ ಹಳೆಯ ಕೋಟೆ, ಷಹಜಹಾನಾಬಾದ್ ಈ ಮೂರೂ ಹೊಳೆಯ ದಡದಲ್ಲಿವೆ. ಕಲ್ಲುಗುಡ್ಡದಲ್ಲಿ ರಕ್ಷಣೆಯಿತ್ತು, ಕಟ್ಟಲು ಕಲ್ಲಿತ್ತು, ನೀರಿಗೆ ಮಾತ್ರ ತತ್ವಾರ. ಇಲ್ತುಮಿಷ್ ಮೆಹ್ರೌಲಿಯಲ್ಲಿ ಹೌಜ್-ಎ-ಶಂಸಿ ಕೆರೆ ತೋಡಿಸಿದ್ದು, ಅಲಾವುದ್ದೀನ್ ಖಿಲ್ಜಿ ಸೀರಿ ಪಟ್ಟಣಕ್ಕಾಗಿ ಹೌಜ್ ಖಾಸ್ ಕೆರೆ ಮಾಡಿಸಿದ್ದು, ಊರೂರಿಗೆ ಮೆಟ್ಟಿಲು ಬಾವಿ ಇಳಿಸಿದ್ದು ಎಲ್ಲ ಈ ಕಾರಣಕ್ಕೆ. ಮೂರು ಶತಮಾನಗಳ ನಂತರ ರಾಜಧಾನಿ ನೀರಿನ ಕಡೆಗೆ ಜಾರಿದ್ದು ನಕ್ಷೆಯ ಮೇಲೆ ಕಣ್ಣಿಗೆ ಕಟ್ಟುತ್ತದೆ.

ಬ್ರಿಟಿಷರಿಗೂ ಇದೇ ಪಾಠ ಆಯಿತು. 1911ರ ಡಿಸೆಂಬರಿನಲ್ಲಿ ಐದನೇ ಜಾರ್ಜ್ ಹೊಸ ರಾಜಧಾನಿಯ ಅಡಿಗಲ್ಲು ಇಟ್ಟದ್ದು ನಗರದ ಉತ್ತರಕ್ಕೆ, ದರ್ಬಾರ್ ನಡೆದ ಬಯಲಿನ ಬಳಿ. ಅದು ನೆರೆ ಬರುವ ತಗ್ಗು ಪ್ರದೇಶವೆಂದು ಆಮೇಲೆ ತಿಳಿದು, ಯೋಜನೆ ದಕ್ಷಿಣದ ರೈಸಿನಾ ಗುಡ್ಡಕ್ಕೆ ಹೋಯಿತು. ಇವತ್ತಿನ ರಾಷ್ಟ್ರಪತಿ ಭವನ ನಿಂತಿರುವ ಜಾಗವನ್ನು ತೀರ್ಮಾನಿಸಿದವರಲ್ಲಿ ಯಮುನೆಯೂ ಒಬ್ಬಳು.

ಗುರುಗ್ರಾಮದಲ್ಲಿ ಪ್ರತಿ ಮಳೆಗಾಲ ಹೆದ್ದಾರಿ ಕೆರೆಯಾಗುವುದಕ್ಕೂ ಇದೇ ವಿವರಣೆ. ಅರಾವಳಿಯಿಂದ ಇಳಿಯುವ ನೀರು ವಾಯವ್ಯದ ನಜಫ್‌ಗಢ ತಗ್ಗಿನ ಕಡೆಗೆ ಹರಿಯಬೇಕು. ಹಿಂದಿನವರು ದಾರಿಯಲ್ಲಿ ಒಡ್ಡು ಕಟ್ಟಿ ಅದನ್ನು ತಡೆದಿಟ್ಟುಕೊಳ್ಳುತ್ತಿದ್ದರು. ಈಗ ಆ ದಾರಿಗಳ ಮೇಲೆ ಬಡಾವಣೆಗಳಿವೆ.

ಒಂದೇ ರೇಖೆಯ ಎರಡು ಊರು

ಬೆಂಗಳೂರಿನಿಂದ ದೆಹಲಿಗೆ ವರ್ಗವಾಗಿ ಬಂದ ಕನ್ನಡದ ಮನೆಗಳಲ್ಲಿ ಮೊದಲ ಚಳಿಗಾಲ ಕೇಳಿಬರುವ ಮಾತು ಒಂದೇ: ಇಲ್ಲಿ ಬೇಗ ಕತ್ತಲಾಗುತ್ತದೆ. ಈ ಮಾತಿನೊಳಗೆ ಅಕ್ಷಾಂಶ ರೇಖಾಂಶದ ಇಡೀ ಪಾಠವಿದೆ.

ದೆಹಲಿ ಇರುವುದು ಸುಮಾರು 77.2 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಬೆಂಗಳೂರು 77.6ರಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಹಾಗಾಗಿ ಎರಡೂ ಊರುಗಳಲ್ಲಿ ಸೂರ್ಯ ನೆತ್ತಿಯ ನೇರಕ್ಕೆ ಬರುವ ಹೊತ್ತಿಗೆ ಇರುವ ವ್ಯತ್ಯಾಸ ಎರಡು ನಿಮಿಷವೂ ಇಲ್ಲ. ಅಕ್ಷಾಂಶದ ಕತೆ ಬೇರೆ. ಬೆಂಗಳೂರು 13 ಡಿಗ್ರಿ ಉತ್ತರದಲ್ಲಿದ್ದರೆ ದೆಹಲಿ 28.6ರಲ್ಲಿದೆ. ಡಿಸೆಂಬರ್ 21ರ ಸುಮಾರಿಗೆ ಬೆಂಗಳೂರಿನ ಹಗಲು 11 ಗಂಟೆ 20 ನಿಮಿಷದಷ್ಟಿದ್ದರೆ ದೆಹಲಿಯದು 10 ಗಂಟೆ 20 ನಿಮಿಷ. ಜೂನ್‌ನಲ್ಲಿ ಲೆಕ್ಕ ತಿರುಗುಮುರುಗು: ದೆಹಲಿಯ ಹಗಲು 14 ಗಂಟೆಗೆ ಹತ್ತಿರ, ಬೆಂಗಳೂರಿನದು 13 ಗಂಟೆಗೂ ಕಡಿಮೆ.

ಇನ್ನೊಂದು ವಿಷಯವನ್ನು ಮಕ್ಕಳಿಗೆ ಬಿಸಿಲಿನಲ್ಲೇ ತೋರಿಸಬಹುದು. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ದಿನ, ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ನಡುವಿಗೆ, ನಟ್ಟ ಕೋಲಿನ ನೆರಳು ಮಧ್ಯಾಹ್ನ ಮಾಯವಾಗುತ್ತದೆ. ದೆಹಲಿಯಲ್ಲಿ ಇದು ಎಂದೂ ಆಗದು. ಸೂರ್ಯ ಕರ್ಕಾಟಕ ಸಂಕ್ರಾಂತಿ ವೃತ್ತ ದಾಟಿ ಉತ್ತರಕ್ಕೆ ಹೋಗುವುದಿಲ್ಲ, ದೆಹಲಿ ಅದಕ್ಕಿಂತ ಐದು ಡಿಗ್ರಿ ಆಚೆಗಿದೆ. ಸವಾಯಿ ಜೈಸಿಂಗ್ 1724ರ ಸುಮಾರಿಗೆ ಕಟ್ಟಿಸಿದ ಜಂತರ್ ಮಂತರ್‌ನಲ್ಲಿ ಸಮ್ರಾಟ್ ಯಂತ್ರವೆಂಬ ದೊಡ್ಡ ಇಳಿಜಾರು ಗೋಡೆಯಿದೆ. ಅದರ ಇಳಿಜಾರಿನ ಕೋನ ದೆಹಲಿಯ ಅಕ್ಷಾಂಶಕ್ಕೆ ಸಮ, ಅದರ ತುದಿ ಧ್ರುವ ನಕ್ಷತ್ರದತ್ತ. ಅಕ್ಷಾಂಶವನ್ನು ಇಟ್ಟಿಗೆ ಗಾರೆಯಲ್ಲಿ ಕಣ್ಣಾರೆ ನೋಡುವ ಇಂಥ ಅವಕಾಶ ಎಷ್ಟು ಊರಿನ ಮಕ್ಕಳಿಗಿದೆ?

ರೇಖಾಂಶವನ್ನು ಎಲ್ಲಿಂದ ಎಣಿಸಬೇಕೆಂಬುದು ಜನ ಕೂತು ಮಾಡಿಕೊಂಡ ಒಪ್ಪಂದ. ಗ್ರೀನಿಚ್ ಆ ಸ್ಥಾನಕ್ಕೆ ಬಂದದ್ದು 1884ರಲ್ಲಿ. ಅದಕ್ಕೂ ಬಹಳ ಹಿಂದೆ ನಮ್ಮ ಜ್ಯೋತಿಷಿಗಳು ಉಜ್ಜಯಿನಿಯ ಮೂಲಕ ಮಧ್ಯರೇಖೆ ಎಳೆದಿದ್ದರು. ಸೂರ್ಯಸಿದ್ಧಾಂತ ಆ ರೇಖೆಯ ಮೇಲಿನ ಊರುಗಳಲ್ಲಿ ರೋಹೀತಕವನ್ನೂ ಹೆಸರಿಸುತ್ತದೆ. ಅದೇ ಇಂದಿನ ರೋಹ್ತಕ್, ರಾಜಧಾನಿ ವಲಯದ ಒಂದು ಪಟ್ಟಣ. ಇಂದಿನ ಅಳತೆಯಲ್ಲಿ ರೋಹ್ತಕ್‌ಗೂ ಉಜ್ಜಯಿನಿಗೂ ಇರುವ ರೇಖಾಂಶದ ಅಂತರ ಒಂದು ಡಿಗ್ರಿಗಿಂತ ಕಡಿಮೆ.

ಒಂದು ಕಂಬ, ಮೂರು ಕಾಲ

ಇತಿಹಾಸಕ್ಕೆ ಹೊರಳೋಣ. ದಿಲ್ಲಿ ಗೇಟ್ ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಫಿರೋಜ್ ಷಾ ಕೋಟ್ಲಾ ಇದೆ. ಪಕ್ಕದ ಕ್ರಿಕೆಟ್ ಮೈದಾನ ಎಲ್ಲರಿಗೂ ಗೊತ್ತು, ಕೋಟೆಯೊಳಗೆ ಹೋಗುವವರು ಕಡಿಮೆ. ಒಳಗೆ ಮೆಟ್ಟಿಲಾಕಾರದ ಕಟ್ಟಡದ ನೆತ್ತಿಯ ಮೇಲೆ ಸುಮಾರು 13 ಮೀಟರ್ ಎತ್ತರದ ಒಂಟಿಕಲ್ಲಿನ ಕಂಬವಿದೆ. ನಯಗೊಳಿಸಿದ ಮೈ ಇಂದಿಗೂ ಹೊಳೆಯುತ್ತದೆ.

ಇದರ ಮೇಲಿರುವ ಅತ್ಯಂತ ಹಳೆಯ ಬರಹ ಅಶೋಕನದು, ಕ್ರಿ.ಪೂ. ಮೂರನೇ ಶತಮಾನದ್ದು. ದಾರಿಬದಿ ಆಲದ ಮರ ನೆಡಿಸಿದ್ದು, ಮಾವಿನ ತೋಪು ಬೆಳೆಸಿದ್ದು, ಬಾವಿ ತೋಡಿಸಿದ್ದು ಎಲ್ಲವನ್ನೂ ಅದರಲ್ಲಿ ಹೇಳಿಕೊಂಡಿದ್ದಾನೆ. ಅದೇ ಕಲ್ಲಿನ ಮೇಲೆ ಹದಿನಾಲ್ಕು ನೂರು ವರ್ಷ ಕಳೆದು ಚೌಹಾಣ ದೊರೆ ವೀಸಲದೇವ ತನ್ನ ಗೆಲುವುಗಳನ್ನು ಸಂಸ್ಕೃತದಲ್ಲಿ ಕೆತ್ತಿಸಿದ. ಅದರ ಕಾಲ ವಿಕ್ರಮ ಸಂವತ್ 1220, ಅಂದರೆ 1164. ಆಗ ಕಂಬ ಇದ್ದದ್ದು ಇಲ್ಲಲ್ಲ, ಇಂದಿನ ಯಮುನಾನಗರ ಜಿಲ್ಲೆಯ ತೋಪ್ರಾದಲ್ಲಿ. ಹದಿನಾಲ್ಕನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಅದನ್ನು ದೆಹಲಿಗೆ ತರಿಸಿದ.

ತಂದದ್ದು ಹೇಗೆಂದು ಇತಿಹಾಸಕಾರ ಶಂಸ್-ಇ-ಸಿರಾಜ್ ಅಫೀಫ್ ವಿವರವಾಗಿ ಬರೆದಿಟ್ಟಿದ್ದಾನೆ. ಬುಡ ಅಗೆಯುವ ಮೊದಲು ಸುತ್ತ ಬೂರುಗದ ಹತ್ತಿಯ ರಾಶಿ ಹಾಕಿದರು. ಕಂಬ ಅದರ ಮೇಲೆ ಮೆತ್ತಗೆ ಮಲಗಿತು. ಮೈಗೆ ಜೊಂಡು, ಹಸಿ ತೊಗಲು ಸುತ್ತಿದರು. 42 ಗಾಲಿಯ ಬಂಡಿಗೆ ಏರಿಸಿ, ಒಂದೊಂದು ಗಾಲಿಗೆ ಕಟ್ಟಿದ ಹಗ್ಗಕ್ಕೆ 200 ಆಳುಗಳಂತೆ ಎಳೆದು ಯಮುನೆಗೆ ತಂದರು. ಅಲ್ಲಿಂದ ದೋಣಿಗಳ ಮೇಲೆ ದೆಹಲಿ. ಹೊಳೆ ಇಲ್ಲದಿದ್ದರೆ ಈ ಕಂಬ ತೋಪ್ರಾದಲ್ಲೇ ಉಳಿಯುತ್ತಿತ್ತು.

ಸುಲ್ತಾನ ಪಂಡಿತರನ್ನು ಕರೆಸಿ ಹಳೆಯ ಅಕ್ಷರ ಓದಿಸಲು ನೋಡಿದ. ಯಾರಿಗೂ ಆಗಲಿಲ್ಲ. ಬ್ರಾಹ್ಮಿ ಲಿಪಿ ಅಷ್ಟರಲ್ಲಿ ಮರೆತೇಹೋಗಿತ್ತು. 1837ರಲ್ಲಿ ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್ ಸಾಂಚಿಯ ಕಿರುಬರಹಗಳ ಸಹಾಯದಿಂದ ಲಿಪಿಯ ಗುಟ್ಟು ಬಿಡಿಸಿ ಈ ಕಂಬದ ಪಾಠವನ್ನೂ ಓದಿದ. ಆದರೆ ಕಂಬದಲ್ಲಿದ್ದ ಹೆಸರು ದೇವಾನಾಂಪಿಯ ಪಿಯದಸಿ. ಈ ದೊರೆ ಯಾರು? ಸಿಂಹಳದ ಅರಸನಿರಬಹುದೆಂದು ಪ್ರಿನ್ಸೆಪ್ ಮೊದಲು ಭಾವಿಸಿದ. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಅಲ್ಲಿನ ಪಾಲಿ ಗ್ರಂಥ ನೋಡಿ, ಪಿಯದಸಿ ಎಂಬುದು ಅಶೋಕನ ಇನ್ನೊಂದು ಹೆಸರೆಂದು ತೋರಿಸಿದ. ಆದರೂ ಶಾಸನದಲ್ಲೇ ಅಶೋಕ ಎಂಬ ಹೆಸರು ಸಿಕ್ಕಿರಲಿಲ್ಲ.

ಆ ಕೊರತೆ ತುಂಬಿದ್ದು ನಮ್ಮ ರಾಯಚೂರು ಜಿಲ್ಲೆ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್‌ಗೆ ಮಸ್ಕಿಯ ಬಂಡೆಯ ಮೇಲೆ ಬರಹ ಕಂಡಿತು. ಅದರಲ್ಲಿ ದೇವಾನಾಂಪಿಯನ ಜೊತೆಗೇ ಅಶೋಕ ಎಂಬ ಹೆಸರಿತ್ತು. ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಆಮೇಲೆ ಸಿಕ್ಕಿತು. 1966ರಲ್ಲಿ ದಕ್ಷಿಣ ದೆಹಲಿಯ ಬಹಾಪುರದ ಬಳಿ, ಇಂದಿನ ಶ್ರೀನಿವಾಸಪುರಿ ಪಕ್ಕದ ಅರಾವಳಿ ಬಂಡೆಯೊಂದರ ಮೇಲೆ, ಮಸ್ಕಿಯ ಶಾಸನದ ಜಾತಿಗೇ ಸೇರಿದ ಕಿರು ಶಿಲಾಶಾಸನ ಪತ್ತೆಯಾಯಿತು.

ದೆಹಲಿಯ ಕಂಬ, ಸಿಂಹಳದ ಗ್ರಂಥ, ಮಸ್ಕಿಯ ಬಂಡೆ. ಮೂರೂ ದೂರದೂರದವು, ಒಂದನ್ನೊಂದು ನೋಡಿ ಬರೆದವಲ್ಲ. ಹೇಳುವುದು ಮಾತ್ರ ಒಂದೇ. ಇತಿಹಾಸಕಾರ ಒಂದು ಸಂಗತಿಯನ್ನು ಖಚಿತ ಎನ್ನುವುದು ಇಂಥ ಹೊಂದಾಣಿಕೆ ಸಿಕ್ಕಾಗ.

ಇಸವಿಯ ಲೆಕ್ಕ

ಹಳೆಯ ಬರಹದಲ್ಲಿ ಕಾಣುವ ವರ್ಷವನ್ನು ನಮ್ಮ ಕ್ಯಾಲೆಂಡರಿಗೆ ತರುವುದು ಕಲಿಯಬೇಕಾದ ಇನ್ನೊಂದು ಕೈಕೆಲಸ. ವಿಕ್ರಮ ಸಂವತ್ತಿನಿಂದ 57 ಕಳೆಯಬೇಕು. ವರ್ಷದ ಕೊನೆಯ ತಿಂಗಳುಗಳಾದರೆ 56. ಶಕ ವರ್ಷಕ್ಕೆ 78 ಕೂಡಿಸಬೇಕು. ವಿಮಾನ ನಿಲ್ದಾಣದ ಪಾಲಂನಲ್ಲಿ ಸಿಕ್ಕ ಮೆಟ್ಟಿಲು ಬಾವಿಯ ಶಾಸನ ವಿಕ್ರಮ 1333ರದು, ಅಂದರೆ 1276, ಬಲ್ಬನ್‌ನ ಆಳ್ವಿಕೆ. ಬಾದಾಮಿಯ ಬಂಡೆಯ ಮೇಲೆ ಒಂದನೇ ಪುಲಕೇಶಿ ಬರೆಸಿದ್ದು ಶಕ 465, ಅಂದರೆ 543. ಹಿಜರಿಗೆ ಮಾತ್ರ ಹೀಗೆ ಒಂದೇ ಸಂಖ್ಯೆ ಕೂಡಿಸಿ ಕಳೆದರೆ ಆಗದು. ಅದರ ವರ್ಷ ಚಾಂದ್ರಮಾನದ ಸುಮಾರು 354 ದಿನ, ಹೀಗಾಗಿ ಅಂತರ ಪ್ರತಿ ಶತಮಾನಕ್ಕೆ ಮೂರು ವರ್ಷದಷ್ಟು ಬದಲಾಗುತ್ತದೆ.

ತುಘಲಕ್ ದೆಹಲಿಯನ್ನು ಬರಿದು ಮಾಡಿದನೇ?

ಗಿರೀಶ ಕಾರ್ನಾಡರ 1964ರ ನಾಟಕದಿಂದಾಗಿ ಕನ್ನಡಿಗರಿಗೆ ದೆಹಲಿಯ ಸುಲ್ತಾನರಲ್ಲಿ ತೀರ ಪರಿಚಿತ ಮುಹಮ್ಮದ್ ತುಘಲಕ್. 1327ರ ಹೊತ್ತಿಗೆ ರಾಜಧಾನಿಯನ್ನು ದೇವಗಿರಿಗೆ ಸಾಗಿಸಿದ, ದೆಹಲಿಯಲ್ಲಿ ಒಂದು ನರಪಿಳ್ಳೆಯನ್ನೂ ಬಿಡಲಿಲ್ಲ ಎಂದು ಎಲ್ಲರೂ ಕೇಳಿದ್ದೇವೆ. ನಾಟಕ ತನ್ನ ಕೆಲಸ ಮಾಡಿದೆ. ವಿದ್ಯಾರ್ಥಿಯ ಕೆಲಸ ಬೇರೆ: ಈ ಮಾತನ್ನು ಹೇಳಿದವರು ಯಾರು, ಯಾವಾಗ, ಎಲ್ಲಿ ಕೂತು, ಯಾರಿಗಾಗಿ ಎಂದು ಕೇಳುವುದು.

ಪ್ರವಾಸಿ ಇಬ್ನ್ ಬತೂತ ದೆಹಲಿಗೆ ಬಂದದ್ದು 1334ರಲ್ಲಿ, ಅಂದರೆ ಘಟನೆಯಾಗಿ ಏಳು ವರ್ಷಕ್ಕೆ. ಇಲ್ಲಿ ಖಾಜಿಯಾಗಿದ್ದ, ಆಮೇಲೆ ನಮ್ಮ ಹೊನ್ನಾವರ, ಬಾರಕೂರು, ಮಂಗಳೂರು ಕರಾವಳಿಯನ್ನೂ ಕಂಡ. ತನ್ನ ಪ್ರವಾಸವನ್ನೆಲ್ಲ ಹೇಳಿ ಬರೆಸಿದ್ದು ಮೊರಾಕ್ಕೊದಲ್ಲಿ, 1355ರ ಸುಮಾರಿಗೆ. ರಾಜಧಾನಿ ಹೊರಟ ದಿನಗಳ ಬಗ್ಗೆ ಅವನು ಹೇಳುವುದೆಲ್ಲ ಕೇಳಿದ ಮಾತು.

ಕವಿ ಇಸಾಮಿಯ ಮನೆಯವರು ಆ ಪ್ರಯಾಣದಲ್ಲಿ ನಿಜಕ್ಕೂ ನಲುಗಿದವರು. ತೊಂಬತ್ತರ ಅವನ ತಾತ ಮೊದಲ ತಂಗುದಾಣ ತಿಲ್ಪತ್‌ನಲ್ಲೇ ತೀರಿಕೊಂಡ. ತಿಲ್ಪತ್ ಇಂದು ಫರೀದಾಬಾದಿನ ಭಾಗ. ಆ ನೋವಿಗೆ ತಲೆಬಾಗಲೇಬೇಕು. ಅದರ ಜೊತೆಗೆ, ಇಸಾಮಿ ತನ್ನ ಕಾವ್ಯವನ್ನು 1350ರಲ್ಲಿ ಅರ್ಪಿಸಿದ್ದು ತುಘಲಕನ ವಿರುದ್ಧ ಬಂಡೆದ್ದು ಗುಲ್ಬರ್ಗದಲ್ಲಿ ರಾಜ್ಯ ಕಟ್ಟಿದ ಬಹಮನ್ ಷಾನಿಗೆ ಎಂಬುದನ್ನೂ ನೆನಪಿಡಬೇಕು. ಇತಿಹಾಸಕಾರ ಬರನಿ ತುಘಲಕನ ಆಸ್ಥಾನದಲ್ಲೇ ಇದ್ದವನು, ಆದರೆ ಬರೆದದ್ದು ಫಿರೋಜ್ ಷಾನ ಕಾಲದಲ್ಲಿ, ಸ್ಥಾನಮಾನ ಕಳೆದುಕೊಂಡ ಮುಪ್ಪಿನಲ್ಲಿ.

ಈಗ ಎರಡು ಕಲ್ಲುಗಳನ್ನು ಎದುರಿಗಿಡೋಣ. ಒಂದು ಪಶ್ಚಿಮ ದೆಹಲಿಯ ನಾರಾಯಣಾದ್ದು, 1327ರದು. ಇನ್ನೊಂದು ರೈಸಿನಾ ಸಮೀಪವಿದ್ದ ಸರ್ಬನ್ ಎಂಬ ಹಳ್ಳಿಯದು, 1328ರದು. ಎರಡೂ ಸಂಸ್ಕೃತದಲ್ಲಿವೆ, ಎರಡೂ ಸುಲ್ತಾನ ಮುಹಮ್ಮದನನ್ನು ಹೆಸರಿಸುತ್ತವೆ, ಎರಡೂ ಬಾವಿ ತೋಡಿಸಿದ ಸಂಗತಿ ಹೇಳುತ್ತವೆ. ಸರ್ಬನ್ ಕಲ್ಲು ವ್ಯಾಪಾರಿ ಕುಟುಂಬದ್ದು, ಹರಿಯಾಣ ದೇಶವನ್ನೂ ಅದರ ಢಿಲ್ಲಿ ನಗರವನ್ನೂ ಬಾಯ್ತುಂಬ ಹೊಗಳುತ್ತದೆ. ಊರೇ ಖಾಲಿಯಾದ ವರ್ಷ ಯಾರಾದರೂ ಬಾವಿ ತೋಡಿಸುತ್ತಾರೆಯೇ? ಇತಿಹಾಸಕಾರರು ಹಾಗಾಗಿ ಹೇಳುವುದೇನೆಂದರೆ, ಸಾಗಿಸಿದ್ದು ಬಹುಮಟ್ಟಿಗೆ ಆಸ್ಥಾನದವರನ್ನು, ಉಲೇಮಾಗಳನ್ನು, ಸೂಫಿಗಳನ್ನು, ದೊಡ್ಡ ಮನೆತನದವರನ್ನು. ಇಡೀ ಊರನ್ನಲ್ಲ. ಅದರಲ್ಲಿ ಸಾವುನೋವು ಆಯಿತೆಂಬುದು ಇದರಿಂದ ಸುಳ್ಳಾಗುವುದಿಲ್ಲ.

ದೇವಗಿರಿಯೇ ಏಕೆ? ಅದಕ್ಕೆ ಮತ್ತೆ ಭೂಪಟ ಬೇಕು. ಒಂದು ಡಿಗ್ರಿ ಅಕ್ಷಾಂಶ ನೆಲದ ಮೇಲೆ ಸುಮಾರು 111 ಕಿ.ಮೀ. ಸುಲ್ತಾನನ ಸೋದರ ಸಂಬಂಧಿ ಗುರ್ಷಾಸ್ಪ್ ಬಂಡೆದ್ದದ್ದು ಇಂದಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ. ಓಡಿಹೋಗಿ ಆಸರೆ ಪಡೆದದ್ದು ಕಂಪಿಲಿಯಲ್ಲಿ. ಸಗರ ದೆಹಲಿಗಿಂತ 12 ಡಿಗ್ರಿ ದಕ್ಷಿಣಕ್ಕಿದೆ, ನೇರ ಗೆರೆಯಲ್ಲೇ 1,300 ಕಿ.ಮೀ. ಮೀರುತ್ತದೆ. ದೇವಗಿರಿಯಿಂದ ಅದು ನಾನೂರು ಚಿಲ್ಲರೆ ಕಿ.ಮೀ. ಕುದುರೆಯ ಮೇಲೆ ಸುದ್ದಿ ಬರುತ್ತಿದ್ದ ಕಾಲದಲ್ಲಿ ಈ ಅಂತರದ ತೂಕ ಏನೆಂದು ಸ್ಕೇಲು ಹಿಡಿದ ಆರನೇ ತರಗತಿಯ ಮಗುವೂ ಹೇಳಬಲ್ಲದು. ತುಘಲಕನನ್ನು ಬರೀ ಹುಚ್ಚನೆಂದು ತಳ್ಳಿಹಾಕಿದರೆ ಈ ಪ್ರಶ್ನೆಯನ್ನೇ ಕೇಳಿದಂತಾಗುವುದಿಲ್ಲ.

ಪುಸ್ತಕ ತೆರೆಯುವವರಿಗೆ

ಓಲ್ಡ್ ರಾಜೇಂದ್ರ ನಗರದ, ಮುಖರ್ಜಿ ನಗರದ ಇಕ್ಕಟ್ಟಿನ ಕೋಣೆಗಳಲ್ಲಿ ಯುಪಿಎಸ್‌ಸಿಗೆ ಓದುವ ಕರ್ನಾಟಕದ ಹುಡುಗ ಹುಡುಗಿಯರೂ ಇದ್ದಾರೆ. ಅವರಲ್ಲಿ ಎಂಜಿನಿಯರಿಂಗ್ ಮುಗಿಸಿ ಬಂದವರು ಬಹಳ. ಇತಿಹಾಸ, ಭೂಗೋಳ ಶುರುಮಾಡುವುದು ಎನ್‌ಸಿಇಆರ್‌ಟಿಯ ಆರನೇ ತರಗತಿಯ ಪುಸ್ತಕದಿಂದ. ಅದು ಸರಿಯಾದ ದಾರಿಯೇ. 2024ರಲ್ಲಿ ಬಂದ ಹೊಸ ಆರನೇ ತರಗತಿಯ ಪುಸ್ತಕ ಎರಡನ್ನೂ ಒಂದೇ ರಟ್ಟಿನೊಳಗೆ ತಂದಿದೆ. ಭೂಮಿಯ ಮೇಲೆ ಜಾಗ ಗುರುತಿಸುವುದು ಮೊದಲು, ಕಾಲರೇಖೆ ಮತ್ತು ಇತಿಹಾಸದ ಆಕರಗಳು ಆಮೇಲೆ. ಪಾಠಗಳ ಆಯ್ಕೆಯ ಬಗ್ಗೆ ನಡೆದಿರುವ ಚರ್ಚೆ ಬೇರೆ, ಈ ಜೋಡಣೆಯನ್ನಂತೂ ನಾನು ಮೆಚ್ಚುತ್ತೇನೆ.

ನನ್ನ ಸಲಹೆ ಚಿಕ್ಕದು. ಪಾಠದಲ್ಲಿ ಬರುವ ಪ್ರತಿ ಊರನ್ನೂ ಅಟ್ಲಾಸಿನಲ್ಲಿ ಹುಡುಕಿ, ಅದರ ಪಕ್ಕದ ನದಿ ಯಾವುದು, ಅಲ್ಲಿಗೆ ದಾರಿ ಯಾವ ಬೆಟ್ಟದ ಸಂದಿಯಿಂದ ಬರುತ್ತದೆ ಎಂದು ನೋಡಿ. ಪಾಣಿಪತ್ ದೆಹಲಿಯಿಂದ ಉತ್ತರಕ್ಕೆ 90 ಕಿ.ಮೀ. ಒಂದು ಕಡೆ ಯಮುನೆ, ಪಶ್ಚಿಮಕ್ಕೆ ಹೋದಷ್ಟೂ ಒಣನೆಲ. ವಾಯವ್ಯದಿಂದ ಬರುವ ಸೈನ್ಯಕ್ಕೆ ಅದೇ ಹೆದ್ದಾರಿ. 1526, 1556, 1761 ಎಂಬ ಮೂರು ಇಸವಿಗಳನ್ನು ಬಾಯಿಪಾಠ ಮಾಡಿದವರಿಗೆ ಅವು ಪರೀಕ್ಷೆ ಮುಗಿದ ಮರುದಿನ ಮರೆತುಹೋಗುತ್ತವೆ. ನಕ್ಷೆಯಲ್ಲಿ ಆ ದಾರಿಯ ಮೇಲೆ ಬೆರಳಾಡಿಸಿದವರಿಗೆ ಮೂರು ಯುದ್ಧ ಅಲ್ಲೇ ಏಕೆ ನಡೆದವೆಂಬುದು ಉಳಿಯುತ್ತದೆ.

ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ದೆಹಲಿಗೆ ಬರುವ ಮನೆಯವರು ಕುತುಬ್ ಮಿನಾರ್, ಇಂಡಿಯಾ ಗೇಟ್ ನೋಡಿ ಆಗ್ರಾಕ್ಕೆ ಹೊರಡುತ್ತಾರೆ. ಅರ್ಧ ದಿನ ಉಳಿಸಿಕೊಂಡು ಬೆಳಿಗ್ಗೆ ಕೋಟ್ಲಾದ ಕಂಬ, ಮಧ್ಯಾಹ್ನ ಜಂತರ್ ಮಂತರ್ ನೋಡಿ. ಊರಿಗೆ ಮರಳಿದ ಮೇಲೆ ಸಾಧ್ಯವಾದರೆ ಮಸ್ಕಿಗೂ ಒಮ್ಮೆ ಹೋಗಿಬನ್ನಿ. ದೆಹಲಿಯ ಬ್ರಾಹ್ಮಿ ಅಕ್ಷರಗಳನ್ನು ಫೋನಿನಲ್ಲಿ ಹಿಡಿದುಕೊಂಡು ಬಂದ ಮಗು ಅಲ್ಲಿನ ಬಂಡೆಯ ಮುಂದೆ ಅವೇ ಅಕ್ಷರಗಳನ್ನು ಒಂದೊಂದಾಗಿ ಹುಡುಕಲಿ.